ಪಾರ್ಟ್ನರ್ ಜೊತೆ ಓಪನಿಂಗ್ ಲೀಡ್ ಮಾತಾಡ್ಕೊಳ್ಳೋದು ಹೇಗೆ

ಬ್ರಿಡ್ಜ್ ಅನ್ನೋ ಇಸ್ಪೀಟ್ ಆಟ ಆಡೋಕೆ ಹೊಸದಾಗಿ ಜೋಡಿಯಾದವರು ಬಿಡ್ಡಿಂಗ್ ಬಗ್ಗೆ, ಅಂದ್ರೆ ಎಷ್ಟು ಟ್ರಿಕ್ ಗೆಲ್ತೀವಿ, ಯಾವ ಸೂಟ್ ಟ್ರಂಪ್ (ತುರುಫು) ಅಂತ ಕೂಗೋದರ ಬಗ್ಗೆ, ಗಂಟೆಗಟ್ಟಲೆ ಮಾತಾಡ್ತಾರೆ. 1 ನೋ ಟ್ರಂಪ್ (ತುರುಫಿಲ್ಲದ ಆಟ) 15-17 ಪಾಯಿಂಟಾ ಇಲ್ಲ 12-14ಆ, ಸ್ಟೇಮನ್ ಹೇಗೆ, ಟ್ರಾನ್ಸ್‌ಫರ್ ಹೇಗೆ, ಬ್ಲ್ಯಾಕ್‌ವುಡ್‌ಗೆ ಯಾವ ಉತ್ತರ, ಇಂಥ ಸಂಕೇತದ ಬಿಡ್‌ಗಳೆಲ್ಲಾ ತೀರ್ಮಾನ ಆಗತ್ತೆ. ಕೊನೇಲಿ "ಲೀಡ್ಸ್ ಏನು?" ಅಂತ ಒಬ್ರು ಕೇಳ್ತಾರೆ, "ಸ್ಟ್ಯಾಂಡರ್ಡ್" ಅಂತ ಇನ್ನೊಬ್ರು ಅಂತಾರೆ, ಇಬ್ರೂ ಎದ್ದು ಟೇಬಲ್‌ಗೆ ಹೋಗ್ತಾರೆ. ಲೆಕ್ಕ ಹಾಕಿ ನೋಡಿ, ಸುಮಾರು ಅರ್ಧ ಬೋರ್ಡುಗಳಲ್ಲಿ (ಹಂಚಿದ ಆಟಗಳಲ್ಲಿ) ಕಾಂಟ್ರ್ಯಾಕ್ಟ್ ಆಡೋರು ಎದುರಾಳಿಗಳು, ನೀವು ಅವರನ್ನ ತಡೆಯೋ ಡಿಫೆಂಡರ್ಸ್, ಡಿಫೆಂಡ್ ಮಾಡೋ ಪ್ರತಿ ಬೋರ್ಡಲ್ಲೂ ನಿಮ್ಮಿಬ್ಬರಲ್ಲಿ ಒಬ್ರು ಡಮ್ಮಿ (ಆಟ ನಡೆಸೋ ಡಿಕ್ಲೇರರ್‌ನ ಪಾರ್ಟ್ನರ್ ಟೇಬಲ್ ಮೇಲೆ ಬಿಚ್ಚಿಡೋ ಕೈ) ನೋಡೋಕೆ ಮುಂಚೆ ಒಂದು ಎಲೆ ಇಳಿಸ್ಲೇಬೇಕು, ಅದೇ ಓಪನಿಂಗ್ ಲೀಡ್. ಬ್ಲ್ಯಾಕ್‌ವುಡ್ ಇಡೀ ಸಂಜೆಗೆ ಒಂದ್ಸಲನೂ ಬರದೇ ಇರಬಹುದು, ಓಪನಿಂಗ್ ಲೀಡ್ ಬರದೇ ಇರೋ ಸಂಜೆ ಇಲ್ಲ.

ಈ "ಸ್ಟ್ಯಾಂಡರ್ಡ್" ಅನ್ನೋದರಲ್ಲೇ ತೊಂದರೆ ಇರೋದು. ಒಬ್ರು ಹಳೇ ಅಮೆರಿಕನ್ ಪುಸ್ತಕ ಓದಿ ಕಲಿತಿರ್ತಾರೆ, ಅವರಿಗೆ ಏಸ್-ಕಿಂಗ್ ಇದ್ರೆ ಕಿಂಗ್ ಲೀಡ್ ಮಾಡೋದೇ ಸ್ಟ್ಯಾಂಡರ್ಡ್. ಇನ್ನೊಬ್ರು ಆನ್‌ಲೈನ್‌ನಲ್ಲಿ ಬಿಬಿಓ (ಬ್ರಿಡ್ಜ್ ಬೇಸ್ ಆನ್‌ಲೈನ್) ಟೇಬಲ್‌ಗಳಲ್ಲಿ ಆಡಿ ಕಲಿತವರು, ಅವರಿಗೆ ಏಸ್ ಹಾಕೋದೇ ಸಹಜ. ಇಬ್ರೂ ಸರಿನೇ, ಜೊತೆಗೆ ಕೂತಾಗ ಮಾತ್ರ ತಪ್ಪು. ಅದಕ್ಕೆ ನಾನು ಹೇಳೋದು ಇಷ್ಟೇ, ಯಾವ ಕನ್ವೆನ್ಶನ್ ಒಳ್ಳೇದು ಅನ್ನೋ ವಾದ ಆಮೇಲೆ ಇಟ್ಕೊಳ್ಳಿ, ಮೊದಲು ಇಬ್ಬರದ್ದೂ ಒಂದೇ ಆಗಲಿ. ಮತ್ತೆ ಯಾವ ಎಲೆ ಹಾಕೋದು ಅಂತ ಮಾತ್ರ ಮಾತಾಡಿ ಎದ್ರೆ ಅದು ಅರ್ಧ ಕೆಲಸ. ಲೀಡ್ ಒಂದು ಪ್ರಶ್ನೆ, ಮೂರನೇ ಕೈಯಲ್ಲಿ ಪಾರ್ಟ್ನರ್ ಹಾಕೋ ಎಲೆ ಅದಕ್ಕೆ ಉತ್ತರ, ಎರಡೂ ಒಟ್ಟಿಗೆ ತೀರ್ಮಾನ ಆಗ್ಬೇಕು.

ಮೊದಲು ಮಾತು ಬೇಡ, ಬರೀರಿ

ಇಬ್ರೂ ಒಂದೊಂದು ಹಾಳೆ ತಗೊಳ್ಳಿ. ಕೆಳಗಿನ ಒಂದೊಂದು ಕೈಗೂ ಯಾವ ಎಲೆ ಲೀಡ್ ಮಾಡ್ತೀರ ಅಂತ ಒಬ್ಬರದ್ದು ಒಬ್ರು ನೋಡದೇ ಬರೀರಿ.

ಎದುರಾಳಿ 4 ಸ್ಪೇಡ್ಸ್ ಆಡ್ತಿದ್ದಾರೆ, ನೀವು ಲೀಡ್ ಮಾಡ್ತಿರೋ ಸೂಟ್ ಟ್ರಂಪ್ ಅಲ್ಲ:
ಏಸ್-ಕಿಂಗ್-7-3
ಏಸ್-ಕಿಂಗ್ ಎರಡೇ ಎಲೆ
ಕಿಂಗ್-ಕ್ವೀನ್-5
ಕಿಂಗ್-ಜ್ಯಾಕ್-10-4
ಕ್ವೀನ್-8-5-2
9-6-3
8-4

ಎದುರಾಳಿ 3 ನೋ ಟ್ರಂಪ್ ಆಡ್ತಿದ್ದಾರೆ:
ಏಸ್-ಕಿಂಗ್-ಜ್ಯಾಕ್-10-5
ಕಿಂಗ್-ಕ್ವೀನ್-10-9-2
ಏಸ್-ಜ್ಯಾಕ್-10-6-2
ಕಿಂಗ್-10-7-5-3
8-6-4-2
ಪಾರ್ಟ್ನರ್ ಬಿಡ್ ಮಾಡಿದ ಸೂಟಲ್ಲಿ ಕ್ವೀನ್-7-3
ಪಾರ್ಟ್ನರ್ ಬಿಡ್ ಮಾಡಿದ ಸೂಟಲ್ಲಿ 8-5-2

ಆಮೇಲೆ ಹಾಳೆ ಪಕ್ಕಪಕ್ಕ ಇಟ್ಟು ನೋಡಿ. ವರ್ಷಗಟ್ಟಲೆ ಜೊತೆಗೆ ಆಡಿರೋ ಜೋಡೀಲೂ ಇಲ್ಲಿ ಮೂರ್ನಾಲ್ಕು ಕಡೆ ವ್ಯತ್ಯಾಸ ಬಂದ್ರೆ ಆಶ್ಚರ್ಯ ಪಡ್ಬೇಡಿ. ವ್ಯತ್ಯಾಸ ಬಂದ ಸಾಲುಗಳೇ ನೀವು ಇವತ್ತು ಮಾತಾಡ್ಬೇಕಾದ ವಿಷಯ, ಹೊಂದಿಕೆ ಆದ ಸಾಲುಗಳ ಮೇಲೆ ಟೈಮ್ ವೇಸ್ಟ್ ಮಾಡ್ಬೇಡಿ.

ನೋ ಟ್ರಂಪ್ ಬೇರೆ, ಸೂಟ್ ಬೇರೆ

ಒಂದೇ ಪದ್ಧತಿ ಎರಡಕ್ಕೂ ಸಾಕು ಅನ್ನೋರಿದ್ದಾರೆ, ನಾನು ಒಪ್ಪಲ್ಲ. ನೋ ಟ್ರಂಪ್ ವಿರುದ್ಧ ನಿಮ್ಮ ಉದ್ದದ ಸೂಟನ್ನ ಎಬ್ಬಿಸಿ ಚಿಲ್ರೆ ಎಲೆಗಳಲ್ಲೂ ಟ್ರಿಕ್ ತಗೊಳ್ಳೋದು ಗುರಿ, ಅಲ್ಲಿ ಪಾರ್ಟ್ನರ್‌ಗೆ ಬೇಕಾಗಿರೋದು "ಈ ಸೂಟಲ್ಲಿ ನಂಗೆ ದಮ್ಮಿದೆಯಾ" ಅನ್ನೋ ಮಾಹಿತಿ. ಸೂಟ್ ಕಾಂಟ್ರ್ಯಾಕ್ಟ್ ವಿರುದ್ಧ ಒಂದು ಸೂಟಲ್ಲಿ ಎರಡೋ ಮೂರೋ ಸುತ್ತು ಆಗೋ ಹೊತ್ತಿಗೆ ಡಿಕ್ಲೇರರ್ ಟ್ರಂಪ್ ಹೊಡೀತಾನೆ, ಅಲ್ಲಿ ಪಾರ್ಟ್ನರ್‌ಗೆ ಬೇಕಾಗಿರೋದು "ನನ್ನ ಹತ್ರ ಎಷ್ಟು ಎಲೆ ಇದೆ, ಎಷ್ಟು ಸುತ್ತು ನಡಿಯತ್ತೆ" ಅನ್ನೋ ಲೆಕ್ಕ. ಹಾಗಾಗಿ ಹಾಳೆ ಮಧ್ಯೆ ಒಂದು ಗೆರೆ ಎಳೆದು ಎರಡು ಕಾಲಂ ಮಾಡ್ಕೊಳ್ಳಿ.

ಚಿಲ್ರೆ ಎಲೆಗಳ ಭಾಷೆ

ನೋ ಟ್ರಂಪ್‌ಗೆ ಫೋರ್ತ್ ಬೆಸ್ಟ್ ಇಟ್ಕೊಳ್ಳಿ, ಅಂದ್ರೆ ಸೂಟಲ್ಲಿ ಮೇಲಿಂದ ನಾಲ್ಕನೇ ಎಲೆ. ಕಿಂಗ್-10-7-5-3ರಿಂದ 5. ಇದು ವಿಸ್ಟ್ ಕಾಲದಿಂದ ಬಂದಿದ್ದು, ಇದರ ಜೊತೆಗೆ ಆರ್. ಎಫ್. ಫಾಸ್ಟರ್ ಹೆಸರಲ್ಲಿರೋ ರೂಲ್ ಆಫ್ ಇಲೆವನ್ ಬರತ್ತೆ, ಹಾಕಿದ ಎಲೆಯ ನಂಬರನ್ನ 11ರಿಂದ ಕಳೆದ್ರೆ ಉಳಿದ ಮೂರು ಕೈಗಳಲ್ಲಿ ಅದಕ್ಕಿಂತ ದೊಡ್ಡ ಎಲೆ ಎಷ್ಟಿವೆ ಅಂತ ಸಿಗತ್ತೆ.

ಒಂದು ಉದಾಹರಣೆ ನಿಧಾನಕ್ಕೆ ನೋಡಣ, ಯಾಕಂದ್ರೆ ಒಪ್ಪಂದ ಯಾಕೆ ಬೇಕು ಅನ್ನೋದು ಇಲ್ಲಿ ಚೆನ್ನಾಗಿ ಕಾಣತ್ತೆ. ಕಾಂಟ್ರ್ಯಾಕ್ಟ್ 3 ನೋ ಟ್ರಂಪ್. ಪಾರ್ಟ್ನರ್ ಹಾರ್ಟ್ 6 ಹಾಕಿದ್ರು. ಡಮ್ಮಿಯಲ್ಲಿ ಕಿಂಗ್-8-3, ನಿಮ್ಮ ಹತ್ರ ಏಸ್-ಜ್ಯಾಕ್-9. ಡಿಕ್ಲೇರರ್ ಡಮ್ಮಿಯಿಂದ 3 ಕರೆದ. ಈಗ ನೀವು ಏನು ಹಾಕ್ತೀರ? 11ರಿಂದ 6 ಕಳೆದ್ರೆ 5. ಡಮ್ಮಿಯಲ್ಲಿ 6ಕ್ಕಿಂತ ದೊಡ್ಡದು ಕಿಂಗ್ ಮತ್ತು 8, ಎರಡು. ನಿಮ್ಮ ಹತ್ರ ಮೂರು. ಐದೂ ಕಣ್ಣೆದುರಿಗೇ ಇದೆ, ಡಿಕ್ಲೇರರ್ ಹತ್ರ 6ಕ್ಕಿಂತ ದೊಡ್ಡದು ಒಂದೂ ಇಲ್ಲ. ಧೈರ್ಯವಾಗಿ 9 ಹಾಕಿ, ಟ್ರಿಕ್ ನಿಮ್ದೇ, ಏಸ್-ಜ್ಯಾಕ್ ಎರಡೂ ಡಮ್ಮಿಯ ಕಿಂಗ್ ಮೇಲೆ ಕಾವಲು ಕೂತಿರತ್ತೆ. ಪಾರ್ಟ್ನರ್ ಹತ್ರ ಕ್ವೀನ್-10-7-6-2, ಡಿಕ್ಲೇರರ್ ಹತ್ರ ಬರೀ 5-4.

ಈಗ ಅದೇ 6ನ್ನ ನಿಮ್ಮ ಪಾರ್ಟ್ನರ್ ಕ್ವೀನ್-7-6ರಿಂದ ಮೂರನೇ ಎಲೆ ಅಂತ ಹಾಕಿದ್ರು ಅಂದ್ಕೊಳ್ಳಿ, ನಿಮಗೆ ಅದು ಗೊತ್ತಿಲ್ಲ. ಲೆಕ್ಕ ಹಾಕಿ 9 ಹಾಕಿದ್ರಿ, ಡಿಕ್ಲೇರರ್ 10-5-4-2ರಿಂದ 10 ಹಾಕಿ ಸುಮ್ಮನೆ ಒಂದು ಟ್ರಿಕ್ ಎತ್ಕೊಂಡ. ನಿಮ್ಮ ಲೆಕ್ಕ ಸರಿ, ಪಾರ್ಟ್ನರ್ ಎಲೆನೂ ಅವರ ಪದ್ಧತಿಯಲ್ಲಿ ಸರಿ. ಥರ್ಡ್ ಬೆಸ್ಟ್ ಅಂತ ಮೊದಲೇ ಗೊತ್ತಿದ್ರೆ 11ರ ಬದಲು 12ರಿಂದ ಕಳೀತಿದ್ರಿ, ಆರು ಬರ್ತಿತ್ತು, ಡಿಕ್ಲೇರರ್ ಹತ್ರ ಒಂದು ದೊಡ್ಡೆಲೆ ಇದೆ ಅಂತ ತಿಳೀತಿತ್ತು. ಫಿಫ್ತ್ ಬೆಸ್ಟ್ ಆದ್ರೆ 10ರಿಂದ ಕಳೀಬೇಕು. ಇದರ ಹಿಂದಿನ ಗಣಿತ ಸುಲಭ, ಏಸನ್ನ 14 ಅಂತ ಎಣಿಸಿದ್ರೆ 6ಕ್ಕಿಂತ ದೊಡ್ಡ ಎಲೆ ಒಟ್ಟು 8, ಲೀಡ್ ಮಾಡಿದವರ ಕೈಯಲ್ಲೇ 3 ಇದ್ರೆ ಹೊರಗೆ 5, ಅವರ ಕೈಯಲ್ಲಿ 2 ಇದ್ರೆ ಹೊರಗೆ 6.

ಸೂಟ್ ಕಾಂಟ್ರ್ಯಾಕ್ಟ್‌ಗೆ ಇದೇ ಥರ್ಡ್ ಅಂಡ್ ಫಿಫ್ತ್ ನನ್ನ ಆಯ್ಕೆ. ಮೂರು ಎಲೆ ಇದ್ರೆ ಮೂರನೇದು, ನಾಲ್ಕಿದ್ರೂ ಮೂರನೇದು, ಐದಿದ್ರೆ ಐದನೇದು. ಕ್ವೀನ್-8-5-2ರಿಂದ 5, ಕ್ವೀನ್-8-5-4-2ರಿಂದ 2, ಕ್ವೀನ್-8-5ರಿಂದ 5. ತೀರಾ ಚಿಕ್ಕ ಎಲೆ ಬಂದ್ರೆ ಬೆಸ ಸಂಖ್ಯೆ ಅಂತ ಪಾರ್ಟ್ನರ್ ಊಹೆ ಮಾಡಬಹುದು, ಮೂರಾ ಐದಾ ಅನ್ನೋದು ಬಿಡ್ಡಿಂಗ್ ನೋಡಿದ್ರೆ ಬಹಳ ಸಲ ಗೊತ್ತಾಗತ್ತೆ, ಆದ್ರೆ ನಾಲ್ಕಾ ಐದಾ ಅನ್ನೋದು ಹಾಗೆ ಗೊತ್ತಾಗಲ್ಲ, ಫೋರ್ತ್ ಬೆಸ್ಟಿನಲ್ಲಿ ಈ ಗೊಂದಲ ಉಳ್ಕೊಳ್ಳತ್ತೆ. ಡಬಲ್ಟನ್, ಅಂದ್ರೆ ಸೂಟಲ್ಲಿ ಎರಡೇ ಎಲೆ ಇದ್ರೆ, ದೊಡ್ಡದು ಮೊದಲು (ಏಸ್-ಕಿಂಗ್ ಒಂದು ಬಿಟ್ಟು), 8-4ರಿಂದ 8. ಆರು ಎಲೆ ಇದ್ರೆ ಮೂರನೇದಾ ಐದನೇದಾ ಅಂತ ಒಂದು ಸಾಲು ಬರ್ಕೊಳ್ಳಿ, ಮೂರನೇದು ಅಂತ ಇಟ್ಕೊಂಡ್ರೆ ಸಮ ಸಂಖ್ಯೆಗೆ ಮೂರನೇದು ಬೆಸಕ್ಕೆ ಕೊನೇದು ಅಂತ ನೆನಪಿಡೋದು ಸುಲಭ.

ಆನರ್ (ಏಸ್, ಕಿಂಗ್ ತರದ ದೊಡ್ಡೆಲೆ) ಇಲ್ಲದ ಮೂರೆಲೆ, ಅಂದ್ರೆ 9-6-3 ತರದ್ದು, ಇದು ಎಲ್ಲಾ ಜೋಡಿಗಳೂ ಜಗಳ ಆಡೋ ಜಾಗ. 9 ಹಾಕಿದ್ರೆ ಪಾರ್ಟ್ನರ್ ಡಬಲ್ಟನ್ ಅಂದ್ಕೊಂಡು ಮೂರನೇ ಸುತ್ತು ರಫ್ (ತುರುಫು ಹೊಡೆಯೋ ಅವಕಾಶ) ಕೊಡೋಕೆ ನೋಡ್ತಾರೆ. 3 ಹಾಕಿದ್ರೆ ಆನರ್ ಇದೆ ಅಂದ್ಕೊಳ್ತಾರೆ. 6 ಹಾಕಿ ಮುಂದಿನ ಸುತ್ತಲ್ಲಿ 9 ಹಾಕೋದಕ್ಕೆ ಮಡ್ ಅಂತಾರೆ, ಮಧ್ಯದ್ದು, ಮೇಲಿಂದು, ಕೆಳಗಿಂದು ಅನ್ನೋ ಕ್ರಮ, ಅದರಲ್ಲಿ ಎರಡನೇ ಸುತ್ತು ಬರೋವರೆಗೂ ಏನೂ ತಿಳಿಯಲ್ಲ, ಅಷ್ಟೊತ್ತಿಗೆ ತೀರ್ಮಾನ ತಗೊಳ್ಳೋ ಸಮಯ ದಾಟಿರತ್ತೆ. ಮೂರರಲ್ಲೂ ನಷ್ಟ ಇದೆ, ನಷ್ಟ ಇಲ್ಲದ ಆಯ್ಕೆ ಹುಡುಕ್ತಾ ಕೂರ್ಬೇಡಿ. ಥರ್ಡ್ ಅಂಡ್ ಫಿಫ್ತ್ ಆಡೋರು ಸೂಟ್ ವಿರುದ್ಧ 3 ಹಾಕಿ, ಎಣಿಕೆ ಮೊದಲು, ಆನರ್ ಇದೆಯಾ ಇಲ್ವಾ ಅನ್ನೋದನ್ನ ಪಾರ್ಟ್ನರ್ ಡಮ್ಮಿ ನೋಡಿ ಊಹಿಸ್ಲಿ. ನೋ ಟ್ರಂಪ್ ವಿರುದ್ಧ ಉಲ್ಟಾ, ಅಲ್ಲಿ ಆನರ್ ಇದೆಯಾ ಅನ್ನೋದೇ ಮುಖ್ಯ, 9-6-3ರಿಂದ 9, 8-6-4-2ರಿಂದ ಎರಡನೇದು ಅಂದ್ರೆ 6. ಹಾಗೆ ಇಟ್ಕೊಂಡ್ರೆ ನೋ ಟ್ರಂಪ್‌ನಲ್ಲಿ 2 ಅಥವಾ 3 ಬಂದಾಗ "ಇಲ್ಲಿ ಆನರ್ ಇದೆ, ಈ ಸೂಟ್ ವಾಪಸ್ ಆಡು" ಅಂತ ಅರ್ಥ ಮಾಡ್ಕೊಳ್ಳಬಹುದು. 6 ಬಂದಾಗ ಇದು ಫೋರ್ತ್ ಬೆಸ್ಟಾ ಬರೀ ಚಿಲ್ರೆನಾ ಅಂತ ಅನುಮಾನ ಬಂದ್ರೆ ರೂಲ್ ಆಫ್ ಇಲೆವನ್ ಹಾಕಿ ನೋಡಿ, ಡಮ್ಮಿ ಮತ್ತು ನಿಮ್ಮ ಕೈಯಲ್ಲೇ ಐದಕ್ಕಿಂತ ಹೆಚ್ಚು ದೊಡ್ಡೆಲೆ ಕಂಡ್ರೆ ಅದು ಫೋರ್ತ್ ಬೆಸ್ಟ್ ಆಗೋಕೆ ಸಾಧ್ಯನೇ ಇಲ್ಲ.

ಆನರ್ ಲೀಡ್

ಸೂಟ್ ಕಾಂಟ್ರ್ಯಾಕ್ಟಲ್ಲಿ ಮೊದಲು ಏಸ್-ಕಿಂಗ್ ಪ್ರಶ್ನೆ ಮುಗಿಸಿ. ಏಸ್-ಕಿಂಗ್‌ನಿಂದಲೂ ಕಿಂಗ್, ಕಿಂಗ್-ಕ್ವೀನ್‌ನಿಂದಲೂ ಕಿಂಗ್ ಅಂತ ಆಡಿದ್ರೆ ಪಾರ್ಟ್ನರ್ ಸಿಕ್ಕಾಕೊಳ್ತಾರೆ. ನಿಮ್ಮ ಹತ್ರ ಡೈಮಂಡ್ 9-2 ಇದೆ, ಡಮ್ಮಿಯಲ್ಲಿ 8-6-4, ಪಾರ್ಟ್ನರ್ ಕಿಂಗ್ ಹಾಕಿದ್ರು. ಏಸ್-ಕಿಂಗ್ ಆದ್ರೆ ನೀವು 9 ಹಾಕಿ ಮುಂದುವರ್ಸಿ ಅನ್ಬೇಕು, ಮೂರನೇ ಸುತ್ತು ರಫ್ ಸಿಗತ್ತೆ. ಕಿಂಗ್-ಕ್ವೀನ್ ಆಗಿದ್ದು ಡಿಕ್ಲೇರರ್ ಏಸ್-ಜ್ಯಾಕ್ ಇಟ್ಕೊಂಡು ಮೊದಲ ಸುತ್ತು ಬಿಟ್ಕೊಟ್ಟಿದ್ರೆ, ನಿಮ್ಮ 9 ನೋಡಿ ಪಾರ್ಟ್ನರ್ ಇನ್ನೊಂದ್ಸಲ ಅದೇ ಸೂಟ್ ಆಡ್ತಾರೆ, ಡಿಕ್ಲೇರರ್‌ಗೆ ಏಸ್ ಮತ್ತು ಜ್ಯಾಕ್ ಎರಡೂ ಟ್ರಿಕ್. ಬಾತ್ ಕೂ ಅಂತ ಹೆಸರಿರೋ ಹಳೇ ಬಲೆ ಇದು. ಏಸ್-ಕಿಂಗ್‌ನಿಂದ ಏಸ್ ಅಂತ ಒಪ್ಕೊಂಡ್ರೆ ಏಸಿಗೆ 9, ಕಿಂಗಿಗೆ 2, ಯೋಚನೆನೇ ಇಲ್ಲ. ಬರೀ ಏಸ್-ಕಿಂಗ್ ಎರಡೇ ಎಲೆ ಇದ್ದಾಗ ಮಾತ್ರ ಉಲ್ಟಾ, ಕಿಂಗ್ ಮೊದಲು ಆಮೇಲೆ ಏಸ್, ಆಗ ಪಾರ್ಟ್ನರ್‌ಗೆ ಡಬಲ್ಟನ್ ಅಂತ ಗೊತ್ತಾಗಿ ರಫ್ ಕೊಡೋಕೆ ದಾರಿ ಹುಡುಕ್ತಾರೆ. ಇದಕ್ಕೆ ಬೆಲೆ ಏನಂದ್ರೆ, ಕಿಂಗ್ ಇಲ್ಲದ ಒಂಟಿ ಏಸ್ ಹಾಕಿದ್ರೂ ಪಾರ್ಟ್ನರ್ ಹಿಂದೆ ಕಿಂಗ್ ಇದೆ ಅಂದ್ಕೊಳ್ತಾರೆ, ಅದಕ್ಕೆ ಅಂಥ ಏಸನ್ನ ಕಾರಣ ಇಲ್ಲದೇ ಇಳಿಸ್ಬೇಡಿ. ತುರುಫಿನ ಮನೆ ಆಟಗಳಿಂದ ಬ್ರಿಡ್ಜ್‌ಗೆ ಬಂದವರಿಗೆ ಎಕ್ಕ ಇದ್ರೆ ಮೊದಲು ಹೊಡ್ದು ಬಿಡೋ ರೂಢಿ ಇರತ್ತೆ, ಅಂಥ ಪಾರ್ಟ್ನರ್ ಜೊತೆ ಈ ವಿಷಯನ ಪ್ರೀತಿಯಿಂದ, ಆದ್ರೆ ಬಿಡಿಸಿ ಮಾತಾಡಿ.

5ನೇ ಲೆವೆಲ್ ಮತ್ತೆ ಸ್ಲ್ಯಾಮ್‌ಗಳಲ್ಲಿ (12 ಇಲ್ಲ 13 ಟ್ರಿಕ್‌ನ ಕಾಂಟ್ರ್ಯಾಕ್ಟ್) ತುಂಬಾ ಜೋಡಿಗಳು ಬದಲಾಯಿಸ್ತಾರೆ, ಏಸ್ ಹಾಕಿದ್ರೆ ನಿಂಗೆ ಇಷ್ಟನಾ ಹೇಳು, ಕಿಂಗ್ ಹಾಕಿದ್ರೆ ಎಷ್ಟೆಲೆ ಇದೆ ಹೇಳು. ಒಳ್ಳೇದೇ, ಇಬ್ಬರಿಗೂ ನೆನಪಿರೋದಾದ್ರೆ ಸೇರಿಸ್ಕೊಳ್ಳಿ.

ನೋ ಟ್ರಂಪ್‌ನಲ್ಲಿ ಕಿಂಗನ್ನ ಬಲವಾದ ಲೀಡ್ ಅಂತ ಇಟ್ಕೊಳ್ಳಿ. ಏಸ್-ಕಿಂಗ್-ಜ್ಯಾಕ್-10-5ರಿಂದ ಕಿಂಗ್ ಬಂತು ಅಂದ್ರೆ ಪಾರ್ಟ್ನರ್ ತನ್ನ ಹತ್ರ ಇರೋ ಆನರ್ ಎಸೀಬೇಕು, ಕ್ವೀನ್-7-4 ಇದ್ರೆ ಕ್ವೀನೇ ಹಾಕ್ಬೇಕು, ಇಲ್ದಿದ್ರೆ ಮೂರನೇ ಸುತ್ತಲ್ಲಿ ಅವರ ಕ್ವೀನ್ ಗೆದ್ದು ಸೂಟ್ ಬ್ಲಾಕ್ ಆಗತ್ತೆ. ಆನರ್ ಇಲ್ಲ ಅಂದ್ರೆ ಎಣಿಕೆ ತೋರಿಸ್ಬೇಕು. ಆ ಎಣಿಕೆ ಎಷ್ಟು ಉಪಯೋಗ ನೋಡಿ: ಡಮ್ಮಿಯಲ್ಲಿ ಮೂರು ಚಿಲ್ರೆ, ಪಾರ್ಟ್ನರ್ ಮೂರು ತೋರಿಸಿದ್ರು, ನಿಮ್ಮ ಐದು ಸೇರಿ ಹನ್ನೊಂದು, ಡಿಕ್ಲೇರರ್ ಹತ್ರ ಎರಡೇ, ಏಸ್ ಹೊಡೆದ್ರೆ ಕ್ವೀನ್ ಬೀಳತ್ತೆ. ಪಾರ್ಟ್ನರ್ ಎರಡು ತೋರಿಸಿದ್ರೆ ಡಿಕ್ಲೇರರ್ ಹತ್ರ ಮೂರು, ಕ್ವೀನ್ ಬೀಳಲ್ಲ, ಬೇರೆ ಸೂಟ್ ಆಡಿ ಪಾರ್ಟ್ನರ್ ಕೈಯಿಂದ ಈ ಸೂಟ್ ಬರೋದಕ್ಕೆ ಕಾಯಿರಿ. ಅಮೆರಿಕದ ಹಳೇ ಪದ್ಧತಿಯಲ್ಲಿ ಇದೇ ಕೆಲಸಕ್ಕೆ ಏಸ್ ಹಾಕ್ತಾರೆ, ಹಾಗಾಗಿ "ಅನ್‌ಬ್ಲಾಕ್ ಕೇಳೋದು ಏಸಾ ಕಿಂಗಾ" ಅಂತ ಬಾಯ್ಬಿಟ್ಟು ಕೇಳ್ಲೇಬೇಕು. ಕಿಂಗ್ ಬಲದ್ದು ಅಂತ ತೀರ್ಮಾನ ಆದ್ರೆ ಕಿಂಗ್-ಕ್ವೀನ್-10-9-2ರಿಂದ ಕ್ವೀನ್ ಹಾಕಿ ಜ್ಯಾಕ್ ಇದ್ರೆ ಬಿಡು ಅಂತ ಕೇಳೋ ಒಪ್ಪಂದನೂ ಜೊತೆಗೇ ಮಾಡ್ಕೊಳ್ಳಬಹುದು.

ಕಿಂಗ್-ಜ್ಯಾಕ್-10 ಅಥವಾ ಏಸ್-ಜ್ಯಾಕ್-10 ತರ ಒಳಗಿನ ಸೀಕ್ವೆನ್ಸ್‌ನಿಂದ ಸಾಧಾರಣವಾಗಿ ಜ್ಯಾಕ್, ಆದ್ರೆ ಏಸ್ ಇರೋ ಸೂಟನ್ನ ಸೂಟ್ ಕಾಂಟ್ರ್ಯಾಕ್ಟಲ್ಲಿ ಏಸ್ ಬಿಟ್ಟು ಲೀಡ್ ಮಾಡ್ಬೇಡಿ. ಇದಕ್ಕೊಂದು ಕೋಡೆಡ್ ರೂಪ ಇದೆ, ಜ್ಯಾಕ್ ಹಾಕಿದ್ರೆ ಮೇಲೆ ಏನೂ ಇಲ್ಲ, 10 ಅಥವಾ 9 ಹಾಕಿದ್ರೆ ಮೇಲೆ ಎರಡಿದೆ ಇಲ್ಲ ಒಂದೂ ಇಲ್ಲ. ಪಾರ್ಟ್ನರ್‌ಗೆ ಸಹಾಯ ಆಗತ್ತೆ, ಡಿಕ್ಲೇರರ್‌ಗೂ ಅಷ್ಟೇ ಸಹಾಯ ಆಗತ್ತೆ, ಕ್ವೀನ್ ಯಾವ ಕಡೆ ಇದೆ ಅಂತ ಅವನಿಗೆ ಮೊದಲ ಟ್ರಿಕ್‌ನಲ್ಲೇ ಸುಳಿವು. ಹೊಸ ಜೋಡಿಗೆ ನಾನಂತೂ ಇದನ್ನ ಹೇಳಲ್ಲ. ಕ್ವೀನ್-ಜ್ಯಾಕ್‌ನಿಂದ ಜ್ಯಾಕ್ ಹಾಕೋ ರಸಿನೋ ಲೀಡ್ಸ್ ಕೂಡ ಆಮೇಲೆ ನೋಡ್ಕೊಳ್ಳಿ.

ಪಾರ್ಟ್ನರ್ ಬಿಡ್ ಮಾಡಿದ ಸೂಟ್

ಇಲ್ಲಿ ಒಂದೇ ಪ್ರಶ್ನೆ ಮುಖ್ಯ, ನೀವು ಆ ಸೂಟನ್ನ ಸಪೋರ್ಟ್ ಮಾಡಿದ್ರಾ ಇಲ್ವಾ. 8-5-2 ಇದ್ದು ಸಪೋರ್ಟ್ ಮಾಡಿದ್ರೆ ಮೂರೆಲೆ ಇದೆ ಅಂತ ಪಾರ್ಟ್ನರ್‌ಗೆ ಆಗ್ಲೇ ಗೊತ್ತು, 8 ಹಾಕಿ ಆನರ್ ಇಲ್ಲ ಅಂತ ಹೇಳಿ. ಸಪೋರ್ಟ್ ಮಾಡಿಲ್ಲ ಅಂದ್ರೆ 2 ಹಾಕಿ, ಇಲ್ದಿದ್ರೆ 8 ಡಬಲ್ಟನ್ ತರ ಕಾಣತ್ತೆ. ಕ್ವೀನ್-7-3 ಇದ್ರೆ ಯಾವ ಕಾಲಕ್ಕೂ 3. ಪಾರ್ಟ್ನರ್ ಸೂಟು ಅಂತ ಕ್ವೀನೇ ತೆಗೆದು ಹಾಕೋರು ಇದ್ದಾರೆ, ಡಿಕ್ಲೇರರ್ ಹತ್ರ ಕಿಂಗ್-ಜ್ಯಾಕ್ ಇದ್ರೆ ಅದು ಅವನಿಗೆ ಕೊಟ್ಟ ದಾನ.

ಉತ್ತರದ ಭಾಗ

ಏಸಿಗೆ ಮತ್ತೆ ಕ್ವೀನಿಗೆ ಇಷ್ಟ ಇದೆಯಾ ಇಲ್ವಾ ಅಂತ ಉತ್ತರ, ನೋ ಟ್ರಂಪ್‌ನ ಕಿಂಗಿಗೆ ಅನ್‌ಬ್ಲಾಕ್ ಇಲ್ಲ ಎಣಿಕೆ. ದೊಡ್ಡದು ಹಾಕಿದ್ರೆ ಇಷ್ಟನಾ ಚಿಕ್ಕದು ಹಾಕಿದ್ರೆ ಇಷ್ಟನಾ ಅನ್ನೋದನ್ನ ಲೀಡ್ ಜೊತೆಗೇ ಬರೀರಿ, ಮೇಲೆ ನಾನು ಕೊಟ್ಟ ಉದಾಹರಣೆಯಲ್ಲಿ ದೊಡ್ಡದು ಅಂದ್ರೆ ಇಷ್ಟ. ಈಚೆಗೆ ಚಿಕ್ಕದು ಅಂದ್ರೆ ಇಷ್ಟ ಅಂತ ಉಲ್ಟಾ ಆಡೋರು ಬಹಳ ಜನ, ಟ್ರಿಕ್ ಗೆಲ್ಲೋ 9ನ್ನೋ 10ನ್ನೋ ಸಿಗ್ನಲ್‌ಗೋಸ್ಕರ ಎಸೀಬೇಕಾಗಲ್ಲ ಅನ್ನೋದು ಅದರ ಲಾಭ. ಡಮ್ಮಿಯಲ್ಲಿ ಆ ಸೂಟಲ್ಲಿ ಒಂದೇ ಎಲೆ ಇದ್ರೆ ಇಷ್ಟಾನಿಷ್ಟಕ್ಕೆ ಅರ್ಥ ಇರಲ್ಲ, ಆಗ ದೊಡ್ಡೆಲೆ ಅಂದ್ರೆ ಉಳಿದವುಗಳಲ್ಲಿ ಮೇಲಿನ ಸೂಟ್ ಆಡು, ಚಿಕ್ಕದು ಅಂದ್ರೆ ಕೆಳಗಿನ ಸೂಟ್, ಇದನ್ನೂ ಒಂದು ಸಾಲು ಸೇರಿಸಿ.

ಡಬಲ್ ಮಾಡಿದಾಗ ಏನು ಲೀಡ್

ಎದುರಾಳಿಗಳ ಸ್ಟೇಮನ್ 2 ಕ್ಲಬ್ಸ್, ಟ್ರಾನ್ಸ್‌ಫರ್, ಬ್ಲ್ಯಾಕ್‌ವುಡ್ ಉತ್ತರ, ಇಂಥ ಕೃತಕ ಬಿಡ್‌ಗಳಿಗೆ ಡಬಲ್ ಅಂದ್ರೆ ಆ ಸೂಟ್ ಲೀಡ್ ಮಾಡು ಅಂತ. ಇದರಲ್ಲಿ ಬಹಳ ಜನ ಬಿಡೋ ಅರ್ಧ ಭಾಗ ಇದೆ, ಡಬಲ್ ಮಾಡೋ ಅವಕಾಶ ಇದ್ದೂ ಪಾರ್ಟ್ನರ್ ಪಾಸ್ ಅಂದ್ರು ಅಂದ್ರೆ ಆ ಸೂಟಲ್ಲಿ ಅವರಿಗೆ ಅಂಥದ್ದೇನಿಲ್ಲ, ಎರಡು ಸೂಟ್ ಮಧ್ಯೆ ತಡಕಾಡುವಾಗ ಅದು ಒಳ್ಳೇ ಸುಳಿವು. ಸ್ಲ್ಯಾಮ್‌ಗೆ ಡಬಲ್ ಅಂದ್ರೆ ಥಿಯೋಡರ್ ಲೈಟ್ನರ್ ಹೆಸರಿನ ಲೈಟ್ನರ್ ಡಬಲ್, ಮಾಮೂಲಿ ಲೀಡ್ ಬೇಡ, ನಮ್ಮ ಸೂಟೂ ಬೇಡ ಟ್ರಂಪೂ ಬೇಡ ಅನ್ನೋದು, ಸಾಮಾನ್ಯವಾಗಿ ಡಮ್ಮಿ ಮೊದಲು ಕರೆದ ಸೈಡ್ ಸೂಟ್, ಅಲ್ಲಿ ಪಾರ್ಟ್ನರ್‌ಗೆ ವಾಯ್ಡ್ (ಒಂದೆಲೆನೂ ಇಲ್ಲದ ಸೂಟ್) ಇರತ್ತೆ. ನಾವಿಬ್ರೂ ಏನೂ ಬಿಡ್ ಮಾಡದೇ ಇದ್ದಾಗ 3 ನೋ ಟ್ರಂಪ್‌ಗೆ ಬಂದ ಡಬಲ್‌ಗೂ ಬಹಳ ಜನ ಡಮ್ಮಿಯ ಮೊದಲ ಸೂಟ್ ಅಂತಲೇ ಆಡ್ತಾರೆ. ನೀವೂ ಹಾಗೇ ಇಟ್ಕೊಳ್ಳಿ.

ಕಾರ್ಡಲ್ಲಿ ತುಂಬಿ, ಎದುರಾಳಿಗೆ ಮುಚ್ಚಿಡಬೇಡಿ

ತೀರ್ಮಾನ ಆಗಿದ್ದನ್ನ ಸಿಸ್ಟಮ್ ಕಾರ್ಡಿನ ಲೀಡ್ಸ್ ಭಾಗದಲ್ಲಿ ಇಬ್ರೂ ಒಂದೇ ತರ ತುಂಬಿ. ಜೋಡಿಯ ಒಪ್ಪಂದಗಳು ಎದುರಾಳಿಗೆ ತಿಳೀಬೇಕು ಅನ್ನೋದು ಡೂಪ್ಲಿಕೇಟ್ ಬ್ರಿಡ್ಜ್‌ನ ಕಾನೂನು, "ನಿಮ್ಮ ಲೀಡ್ಸ್ ಏನು" ಅಂತ ಡಿಕ್ಲೇರರ್ ಕೇಳಿದ್ರೆ ಪೂರ್ತಿ ಹೇಳ್ಬೇಕು, "ಫೋರ್ತ್ ಬೆಸ್ಟ್" ಅಂತ ಅರ್ಧ ಹೇಳಿ ಚಿಲ್ರೆ ಸೂಟಿಂದ ಎರಡನೇದು ಹಾಕೋದನ್ನ ಬಚ್ಚಿಡೋ ಹಾಗಿಲ್ಲ. ಎಲೇನ ಮೊದಲು ಮಗುಚಿ ಇಡಿ, ಪಾರ್ಟ್ನರ್‌ಗೆ ಬಿಡ್ಡಿಂಗ್ ಬಗ್ಗೆ ಏನಾದ್ರೂ ಕೇಳೋದಿದ್ರೆ ಕೇಳ್ಲಿ, ಆಮೇಲೆ ತಿರುಗ್ಸಿ. ತಪ್ಪು ಕೈಯವರು ಲೀಡ್ ಮಾಡಿದ್ರೂ ಈ ಅಭ್ಯಾಸದಿಂದ ಪರಿಸ್ಥಿತಿ ಉಳಿಯತ್ತೆ. ಹೇಳೋದನ್ನ ಎಲೆಯಲ್ಲೇ ಹೇಳಿ, ಎಲೆ ಬಿಟ್ಟು ಬೇರೆ ರೀತಿ ಏನೂ ಹೇಳೋ ಹಾಗಿಲ್ಲ, ಹಾಕೋ ವೇಗ, ಮುಖ, ಕೈ ಸನ್ನೆ ಯಾವುದೂ ಬೇಡ. 2015ರಲ್ಲಿ ವಿಶ್ವಮಟ್ಟದ ಒಂದು ಜೋಡಿ ಬೋರ್ಡನ್ನ ಟೇಬಲ್ ಮೇಲೆ ಎಲ್ಲಿ ಇಡ್ತಾರೆ ಅನ್ನೋದರಿಂದ ಯಾವ ಸೂಟ್ ಲೀಡ್ ಬೇಕು ಅಂತ ಹೇಳ್ತಿದ್ದಾರೆ ಅನ್ನೋ ಆರೋಪ ವಿಡಿಯೋ ಸಮೇತ ಹೊರಗೆ ಬಂದು ಇಡೀ ಬ್ರಿಡ್ಜ್ ಲೋಕನೇ ಅಲ್ಲಾಡ್ತು.

ಆಡಿದ ಮೇಲೆ

ಕ್ಲಬ್‌ನಲ್ಲಿ ಆಟದ ಮಧ್ಯೆ ಲೀಡ್ ಬಗ್ಗೆ ವಾದ ಬೇಡ, ಬೋರ್ಡ್ ನಂಬರ್ ಬರ್ಕೊಂಡು ಮುಂದೆ ಹೋಗಿ. ಬಿಬಿಓನಲ್ಲಿ ಆಡಿದ್ರೆ ಕೈಗಳೆಲ್ಲ ಉಳಿದಿರತ್ತೆ, ಪಾರ್ಟ್ನರ್ ಮೈಸೂರಲ್ಲಿದ್ದು ನೀವು ದುಬೈನಲ್ಲಿದ್ರೂ ಫೋನ್‌ನಲ್ಲಿ ಒಟ್ಟಿಗೆ ನೋಡಬಹುದು. ನೋಡುವಾಗ ಲೀಡ್ ಗೆದ್ದಿತಾ ಸೋತಿತಾ ಅಂತ ನೋಡ್ಬೇಡಿ, ಒಳ್ಳೇ ಲೀಡೂ ಎಷ್ಟೋ ಸಲ ಟ್ರಿಕ್ ಕೊಡತ್ತೆ. ಎರಡು ಪ್ರಶ್ನೆ ಕೇಳಿ: ಹಾಕಿದ ಎಲೆ ಒಪ್ಪಂದದ ಪ್ರಕಾರ ಇತ್ತಾ, ಪಾರ್ಟ್ನರ್ ಅದನ್ನ ಹಾಗೇ ಓದಿದ್ರಾ. ಎರಡಕ್ಕೂ ಹೌದು ಅಂದ್ರೆ ಆ ಬೋರ್ಡ್ ಬಿಟ್ಟಾಕಿ. ಮೊದಲನೇದಕ್ಕೆ ಇಲ್ಲ ಅಂದ್ರೆ ಮೊದಲ ದಿನದ ಹಾಳೆ ತೆಗೆದು ಆ ತರದ ಕೈಯನ್ನ ಅದರಲ್ಲಿ ಸೇರಿಸಿ, ಮುಂದಿನ ಸಲ ಆಡೋಕೆ ಮುಂಚೆ ಮತ್ತೆ ಇಬ್ರೂ ಬರೆದು ನೋಡಿ. ಬದಲಾವಣೆ ಮಾಡ್ಬೇಕು ಅನ್ಸಿದ್ರೆ ಒಂದ್ಸಲಕ್ಕೆ ಒಂದೇ ಮಾಡಿ, ಈ ವಾರ ಥರ್ಡ್ ಅಂಡ್ ಫಿಫ್ತ್ ಶುರು ಮಾಡಿದ್ರೆ ಉಲ್ಟಾ ಸಿಗ್ನಲ್ ಅದೇ ವಾರ ಬೇಡ, ಇಬ್ರೂ ಟೇಬಲ್‌ನಲ್ಲಿ ಯೋಚನೆ ಮಾಡದೇ ಸರಿ ಎಲೆ ಎತ್ತೋ ಮಟ್ಟಕ್ಕೆ ಬಂದ ಮೇಲೆ ಮುಂದಿನದ್ದು.